ಕಲ್ಗಣ್ಣಿಯ ನೋಟ

ಶಿವಮಲ್ಲು ಕಾಗದವನ್ನು ಮೂರು ಸಲ ಓದಿದ. ಆಮೇಲೆ ಅದನ್ನು ಮೊದಲಿದ್ದ ಹಾಗೆಯೇ ಮಡಿಸಿ ಗುರುಗಳ ಮುಂದಿಟ್ಟ.

“ಊರಿಂದ ಬಂದಿದೆ, ಬುದ್ಧಿ.”

ಆ ಸೀಮೆಯಲ್ಲಿ ಮಠದ ಹಿರಿಯರನ್ನು ಬುದ್ಧಿ ಎಂದೇ ಕರೆಯುತ್ತಾರೆ. ಈ ಬುದ್ಧಿ ಇದ್ದದ್ದು ಹೊಳೆದಂಡೆಯ ಒಂದು ಚಿಕ್ಕ ಮಠದಲ್ಲಿ. ಶಿಷ್ಯ ಅಂತ ಇದ್ದವನು ಶಿವಮಲ್ಲು ಒಬ್ಬನೇ. ಬಂದು ಎರಡು ವರ್ಷವಾಗಿತ್ತು.

“ಕನ್ನಡಕ ಒಳಗಿದೆ. ನೀನೇ ಓದು.”

ಶಿವಮಲ್ಲು ಓದಿದ. ಬರೆಸಿದ್ದು ಅವನ ತಾಯಿ.

‘ಮಗ ಶಿವಮಲ್ಲುವಿಗೆ ನಿಮ್ಮವ್ವ ಬರೆಸುವುದು. ನಿಮ್ಮಕ್ಕ ಚೆನ್ನಾಜಿಗೆ ಹೆರಿಗೆಯಾಗಿ ಹನ್ನೊಂದು ದಿನವಾಯಿತು. ಹೆಣ್ಣು ಮಗು. ಇವತ್ತಿನವರೆಗೆ ಅವಳು ಮಗುವಿನ ಮುಖ ನೋಡಿಲ್ಲ. ಮುಖದ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಹಾಲು ಕೊಡುತ್ತಾಳೆ. ಮಗು ಸರಿಯಾಗಿ ಹಿಡಿಯುತ್ತಿಲ್ಲ. ಇಳಿದುಹೋಗುತ್ತಿದೆ. ಯಾರು ಹೇಳಿದರೂ ಅವಳು ಕೇಳುವುದಿಲ್ಲ. ನೀನು ಬಂದು ಹೇಳು. ನೀನೇ ಬರಬೇಕು.’

ಬುದ್ಧಿ ಹೊಳೆಯ ಕಡೆ ನೋಡಿದರು.

“ಯಾವಾಗ ಹೊರಡ್ತೀಯ?”

“ಹೋಗಲ್ಲ, ಬುದ್ಧಿ. ಉತ್ತರ ಬರೆದು ಕಳಿಸ್ತೀನಿ.”

“ನಿಮ್ಮಕ್ಕ ಓದ್ತಾಳಾ?”

“ಇಲ್ಲ. ಯಾರಾದರೂ ಓದಿ ಹೇಳ್ತಾರೆ.”

“ಯಾರು ಹೇಳಿದರೂ ಕೇಳಲ್ಲ ಅಂತ ನಿಮ್ಮವ್ವ ಬರೆಸಿದ್ದಾಳೆ. ನೀನೇ ಬರಬೇಕು ಅಂತಲೂ ಬರೆಸಿದ್ದಾಳೆ. ನೀನೇ ಯಾಕೆ?”

“ಗೊತ್ತಿಲ್ಲ, ಬುದ್ಧಿ.”

ಹಾಗೆನ್ನುವಾಗ ಅವನು ಕಾಗದದ ಅಂಚನ್ನು ಉಗುರಿನಿಂದ ಗೀರುತ್ತಿದ್ದ. ಬುದ್ಧಿ ಅದನ್ನು ನೋಡಿದರು.

“ಹೋದರೆ ಅಕ್ಕ ನನ್ನ ನೋಡ್ತಾಳೆ,” ಎಂದ ಅವನೇ. “ಅವಳ ಮೊದಲ ಮಗು ಹೋದಾಗ ನಾನು ಮನೇಲಿದ್ದೆ. ನಿಮಗೆ ಹೇಳಿದ್ದೆ. ಐದು ವರ್ಷದ ಮಗು. ಜ್ವರ ಬಂದು ಹೋಯ್ತು.”

“ಹೇಳಿದ್ದೆ.”

“ಅಕ್ಕ ಒಂದು ಸಲ ಕಣ್ಣೆತ್ತಿ ನೋಡಿದರೆ ಸಾಕು, ನಾನು ನಿಂತಲ್ಲೇ ಕಲ್ಲಾಗಿಬಿಡ್ತೀನಿ.”

“ಓಹೋ. ಕಲ್ಲಾಗ್ತೀಯ.”

“ಹಾಸ್ಯ ಮಾಡಬೇಡಿ, ಬುದ್ಧಿ.”

“ಹಾಸ್ಯ ಅಲ್ಲ ಕಣೋ. ಅದಕ್ಕೊಂದು ಆಟ ಇದೆ. ಹೋಗಿ ಸೀಮೆಸುಣ್ಣ ತಗೊಂಡು ಬಾ. ಕವಡೇನೂ ತಾ.”

“ಈಗ ಆಟಾನಾ?”

“ಹರಿಗೋಲು ಈಚೆಗೆ ಬರೋದು ಹೊತ್ತು ಇಳಿದ ಮೇಲೆ. ಅಲ್ಲಿವರೆಗೆ ನೀನು ಹೋಗೋನೂ ಅಲ್ಲ, ಹೋಗದೇ ಇರೋನೂ ಅಲ್ಲ. ಸುಮ್ಮನೆ ಕೂತು ಏನು ಮಾಡ್ತೀಯ?”

ಬುದ್ಧಿಯ ಆಟ ನೋಡಲು ಚೌಕಾಬಾರದಂತಿತ್ತು. ಆದರೆ ಚೌಕಾಬಾರವಲ್ಲ. ಕಲ್ಲುಹಾಸಿನ ಮೇಲೆ ಮನೆಗಳನ್ನು ಬರೆಯಬೇಕು, ಉದ್ದಕ್ಕೆ ಏಳು, ಅಡ್ಡಕ್ಕೆ ಏಳು. ಒಬ್ಬ ಕಥೆ ಹೇಳುತ್ತಾನೆ. ಇನ್ನೊಬ್ಬನ ಕಾಯಿ ಆ ಕಥೆಯೊಳಗೆ ನಡೆಯುತ್ತದೆ. ‘ಎದುರಿಗೆ ಹೀಗಿದೆ, ಏನು ಮಾಡ್ತೀಯ?’ ಎಂದು ಹೇಳುವವನು ಕೇಳುತ್ತಾನೆ. ಆಡುವವನು ತಾನು ಮಾಡುವುದನ್ನು ಹೇಳುತ್ತಾನೆ. ಅದು ನಡೆಯಿತೋ ಇಲ್ಲವೋ ಎಂಬುದನ್ನು ನಾಲ್ಕು ಕವಡೆಗಳು ತೀರ್ಮಾನಿಸುತ್ತವೆ. ಎರಡು ಅಥವಾ ಹೆಚ್ಚು ಅಂಗಾತ ಬಿದ್ದರೆ ನಡೆಯಿತು. ಕಡಿಮೆ ಬಿದ್ದರೆ ಇಲ್ಲ.

ಶಿವಮಲ್ಲು ಒಂದು ಹುಣಸೆಬೀಜವನ್ನು ಕಾಯಿ ಮಾಡಿ ಈಚೆ ಅಂಚಿನ ಮನೆಯಲ್ಲಿಟ್ಟ. ಬುದ್ಧಿ ಆಚೆ ಅಂಚಿನಲ್ಲಿ ಒಂದು ಕರಿಯ ಹರಳು ಇಟ್ಟರು.

“ಇವಳು ಕಲ್ಗಣ್ಣಿ. ಅವಳ ಕಣ್ಣಿಗೆ ಯಾರ ಕಣ್ಣು ಸೇರಿದರೂ ಅವರು ಕಲ್ಲು. ಅವಳ ಬೆನ್ನ ಹಿಂದೆ ಒಂದು ಒರತೆ ಇದೆ. ಊರಿಗೆ ಬೇರೆ ನೀರಿಲ್ಲ. ನೀನು ಒಂದು ಕೊಡ ನೀರು ತರಬೇಕು.”

“ನನ್ನ ಹತ್ರ ಕತ್ತಿ ಇದೆಯಾ?”

“ಬೇಕು ಅಂದರೆ ಇದೆ.”

“ಬೇಕು. ನೆಟ್ಟಗೆ ಅವಳ ಕಡೆಗೇ ಹೋಗ್ತೀನಿ.”

“ಕಣ್ಣು ಬಿಟ್ಕೊಂಡಾ?”

“ಮತ್ತೆ? ಕಣ್ಣು ಬಿಡದೆ ದಾರಿ ಕಾಣುತ್ತಾ?”

“ಹಾಗಾದರೆ ಕವಡೆ ಹಾಕು. ತಡ್ಕೋತೀಯೋ ಇಲ್ಲವೋ ನೋಡೋಣ.”

ಮೂರು ಅಂಗಾತ ಬಿದ್ದವು. ಶಿವಮಲ್ಲು ಕಾಯಿಯನ್ನು ಎರಡು ಮನೆ ಮುಂದಕ್ಕೆ ನಡೆಸಿದ.

“ಕವಡೆ ಹಾಕು.”

“ಈಗ ತಾನೇ ತಡ್ಕೊಂಡೆನಲ್ಲ?”

“ಅದು ಆಗ. ನೋಟ ಅನ್ನೋದು ಬಾಣ ಅಲ್ಲ ಕಣೋ, ಒಂದು ಸಲ ಬಂದು ಹೋಗೋಕೆ. ಅವಳು ಇರುವಷ್ಟು ಹೊತ್ತೂ ಇರುತ್ತೆ. ಎದುರಿಗಿದ್ದರೆ ಪ್ರತಿ ಸರದಿಗೂ ತಡ್ಕೋಬೇಕು.”

ಎರಡು ಬಿದ್ದವು. ಮುಂದಿನ ಸರದಿಗೆ ಒಂದೇ ಬಿತ್ತು.

ಬುದ್ಧಿ ಹುಣಸೆಬೀಜವನ್ನು ಮಗುಚಿಟ್ಟರು. “ಕಲ್ಲಾದೆ. ಹೋಗಿ ಒಂದು ಬಿಂದಿಗೆ ನೀರು ತಗೊಂಡು ಬಾ. ಕಲ್ಲಿಗೂ ಬಾಯಾರುತ್ತೆ.”

ಶಿವಮಲ್ಲು ನೀರು ತಂದಿಟ್ಟು ಮತ್ತೆ ಕೂತ. ಅವನಿಗೆ ಸ್ವಲ್ಪ ಛಲ ಬಂದಿತ್ತು.

“ಈ ಸಲ ಅವಳ ಮುಖ ನೋಡಲ್ಲ. ಕಾಲು ನೋಡ್ಕೊಂಡು ಹೋಗ್ತೀನಿ.”

“ಹೋಗಬಹುದು. ಆದರೆ ಕಣ್ಣು ತಪ್ಪಿಸಿದ್ದು ಪೂರ್ತಿ ತಪ್ಪಿಸಿದ ಹಾಗಲ್ಲ. ಕಾಲು ನೋಡೋನು ಯಾವಾಗಲೋ ಮುಖಾನೂ ನೋಡಿಬಿಡ್ತಾನೆ. ಅದಕ್ಕೆ ಮೊದಲು ಒಂದು ಕವಡೆ ಹಾಕು. ಅಂಗಾತ ಬಿದ್ದರೆ ಕಣ್ಣು ಸೇರಲಿಲ್ಲ, ಬಚಾವು. ಬೋರಲು ಬಿದ್ದರೆ ಸೇರಿತು. ಆಗ ನಾಲ್ಕನ್ನೂ ಹಾಕಿ ತಡ್ಕೋಬೇಕು.”

“ಅರ್ಧಕ್ಕರ್ಧ ಅಪಾಯ ಕಡಿಮೆ ಆಯ್ತಲ್ಲ.”

“ಆಯ್ತು.”

ಈ ಸಲ ಅವನು ಬೇಗ ಮುಂದೆ ಹೋದ. ಎರಡು ಸರದಿ ಕವಡೆ ಅಂಗಾತ ಬಿತ್ತು. ಮೂರನೆಯದು ಬೋರಲು ಬಿದ್ದರೂ ತಡೆದುಕೊಂಡ. ಅವನ ಕಾಯಿ ಕಲ್ಗಣ್ಣಿಯ ಪಕ್ಕದ ಮನೆಗೆ ಬಂತು.

“ಕತ್ತಿ ಬೀಸ್ತೀನಿ!”

“ಎಲ್ಲಿಗೆ?”

“ಕುತ್ತಿಗೆಗೆ.”

“ಕುತ್ತಿಗೆ ಎಲ್ಲಿದೆ?”

ಶಿವಮಲ್ಲು ಹರಳಿನತ್ತ ಬಗ್ಗಿದ.

“ನೀನು ಕಾಲು ನೋಡ್ತಿದ್ದೀಯ,” ಎಂದರು ಬುದ್ಧಿ. “ಕುತ್ತಿಗೆ ಇರೋ ಜಾಗ ಅಂದಾಜು. ಇದಕ್ಕೂ ಒಂದು ಕವಡೆ ಹಾಕು. ಅರ್ಧ ನೋಟಕ್ಕೆ ಅರ್ಧ ಏಟು.”

ಬೋರಲು ಬಿತ್ತು. ಏಟು ತಪ್ಪಿತು. ಮುಂದಿನ ಸರದಿಗೂ ತಪ್ಪಿತು. ಅದರ ಮುಂದಿನದಕ್ಕೆ ಅವನು ಕಲ್ಲಾದ.

ಅವನು ಮಗುಚಿದ ಬೀಜವನ್ನು ನೋಡುತ್ತಾ ಕೂತ.

“ಮನೇಲೂ ಹೀಗೇ ಮಾಡಿದೆ, ಬುದ್ಧಿ. ಮಗು ಹೋದ ಮೇಲೆ ಒಂದು ತಿಂಗಳು ಅಲ್ಲೇ ಇದ್ದೆ. ಅಕ್ಕನ ಕಾಲುಂಗುರ ಯಾವ ಬೆರಳಲ್ಲಿ ಎಷ್ಟು ಸವೆದಿದೆ ಅಂತ ಈಗಲೂ ಹೇಳಬಲ್ಲೆ. ಮುಖ ಹೇಗಿತ್ತು ಅಂತ ಕೇಳಿದರೆ ಗೊತ್ತಿಲ್ಲ.”

“ಅವಳು ನಿನ್ನ ನೋಡ್ತಿದ್ಲಾ?”

“ನಾನು ತಲೆ ಎತ್ತಿದ್ದರೆ ತಾನೇ ಗೊತ್ತಾಗೋದು? ಬಡಿಸುವಾಗ ಮಾತ್ರ ಗೊತ್ತಾಗ್ತಿತ್ತು. ತಟ್ಟೆ ಇಡುವಾಗ ಆಚೆ ತಿರುಗಿಬಿಡೋಳು. ಬಳೆ ಸದ್ದು ಆಚೆಯಿಂದ ಬರೋದು. ನನ್ನ ಮುಖ ನೋಡೋಕೆ ಅಸಹ್ಯ ಅವಳಿಗೆ.”

“ಹಾಗಂತ ಅವಳು ಹೇಳಿದ್ಲಾ?”

“ಹೇಳಬೇಕಾ?”

ಬುದ್ಧಿ ಹುಣಸೆಬೀಜವನ್ನು ಮತ್ತೆ ನೆಟ್ಟಗಿಟ್ಟರು. “ಇನ್ನೊಂದು ಸಲ.”

“ಈ ಸಲ ಕಣ್ಣೇ ಮುಚ್ಕೋತೀನಿ. ಬಟ್ಟೆ ಕಟ್ಕೋತೀನಿ. ಆಗ ಅವಳು ಏನು ಮಾಡ್ತಾಳೆ?”

“ಏನೂ ಮಾಡೋಕಾಗಲ್ಲ. ಕುರುಡನಿಗೆ ಕಲ್ಗಣ್ಣಿ ಇಲ್ಲ.”

“ಮತ್ತೆ ಇದನ್ನ ಮೊದಲೇ ಹೇಳಬಾರದಾಗಿತ್ತಾ?”

“ನೀನು ಕೇಳಲಿಲ್ಲ. ಈಗ ನಿನ್ನ ಕಣ್ಣು ನಿಜವಾಗಲೂ ಮುಚ್ಕೋ. ಯಾವ ಮನೆಗೆ ಹೋಗ್ತೀಯ ಅಂತ ಬಾಯಲ್ಲಿ ಹೇಳು. ಕಾಯಿ ನಾನು ನಡೆಸ್ತೀನಿ.”

ಶಿವಮಲ್ಲು ಕಣ್ಣು ಮುಚ್ಚಿಕೊಂಡು ಹೇಳತೊಡಗಿದ. ಮುಂದೆ ಎರಡು. ಮುಂದೆ ಎರಡು. ಎಡಕ್ಕೆ ಒಂದು. ಕತ್ತಿ ಬೀಸಿದೆ. ಮುಂದೆ ಒಂದು. ಬೀಸಿದೆ. ಬಲಕ್ಕೆ ಎರಡು. ಮತ್ತೆ ಮುಂದೆ ಎರಡು.

“ಕಣ್ಣು ಬಿಡು.”

ಹುಣಸೆಬೀಜ ಮನೆಗಳನ್ನು ದಾಟಿ, ಕಲ್ಲುಹಾಸಿನ ಹೊಳೆ ಕಡೆಯ ಅಂಚಿನಲ್ಲಿತ್ತು.

“ಹೊಳೆಗೆ ಬಿದ್ದೆ,” ಎಂದರು ಬುದ್ಧಿ. “ಕಲ್ಗಣ್ಣಿ ನಿನ್ನ ಮುಟ್ಟಲೇ ಇಲ್ಲ. ಪಾಪ, ಆ ಕಡೆ ಹೋಗಬೇಡ ಅಂತ ಕೂಗಿದ್ಲೋ ಏನೋ.”

ಶಿವಮಲ್ಲುವಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

“ಕನ್ನಡಿ!” ಎಂದ. “ಕನ್ನಡಿಯೊಳಗಿನ ನೋಟ ತಾಗುತ್ತಾ?”

“ಇಲ್ಲ. ಕನ್ನಡೀಲಿರೋದು ಕಣ್ಣಲ್ಲ, ಕಣ್ಣಿನ ಚಿತ್ರ.”

“ಹಾಗಾದರೆ ಒಂದು ಕೈಲಿ ಕನ್ನಡಿ, ಒಂದು ಕೈಲಿ ಕತ್ತಿ. ಹಿಮ್ಮುಖವಾಗಿ ನಡೆದು ಹೋಗ್ತೀನಿ.”

“ಭೇಷ್. ಕೊಡ ಯಾವ ಕೈಲಿದೆ?”

“ಯಾವ ಕೊಡ?”

“ನೀರಿಗೆ ಬಂದೋನು ನೀನು.”

ಶಿವಮಲ್ಲು ಮನೆಗಳನ್ನು ನೋಡಿದ, ಕರಿಯ ಹರಳನ್ನು ನೋಡಿದ.

“ಅವಳನ್ನ ಕೊಲ್ಲು ಅಂತ ನೀವು ಹೇಳಲೇ ಇಲ್ಲ,” ಎಂದ.

“ನಾನು ಹೇಳಲಿಲ್ಲ.”

ಹೊತ್ತು ನೆತ್ತಿಗೆ ಬಂದಿತ್ತು. ಇಬ್ಬರೂ ಎದ್ದು ಉಂಡು ಬಂದರು. ಶಿವಮಲ್ಲು ಎರಡು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ಮರಳಿ ಬಂದಾಗ ಬುದ್ಧಿ ಜಾಗ ಬದಲಿಸಿದರು. ಕರಿಯ ಹರಳಿದ್ದ ಕಡೆ ಅವನನ್ನು ಕೂರಿಸಿ, ತಾವು ಈಚೆ ಕೂತರು.

“ಈಗ ನೀನು ಕಲ್ಗಣ್ಣಿ.”

“ನಾನಾ?”

“ಹೂಂ. ನಾನು ಬರ್ತಾ ಇದ್ದೀನಿ. ನನ್ನ ಕೈಲಿ ಕತ್ತಿ ಇಲ್ಲ. ನಾನು ಪಕ್ಕದ ಹಟ್ಟಿಯ ಮುದುಕಿ. ಒಂದು ಚೊಂಬು ಮಜ್ಜಿಗೆ ತಂದಿದ್ದೀನಿ. ನಿನ್ನ ಹತ್ರ ಕೂತು ಎರಡು ಮಾತಾಡಿ ಹೋಗೋಣ ಅಂತ. ಏನು ಮಾಡ್ತೀಯ?”

“ಕರೀತೀನಿ. ಕೂರಿಸ್ತೀನಿ.”

“ಕಣ್ಣು ಬಿಟ್ಟಿದ್ದೀಯ?”

“ಹೂಂ.”

ಬುದ್ಧಿ ಕವಡೆ ಹಾಕಿದರು. ಒಂದೂ ಅಂಗಾತ ಬೀಳಲಿಲ್ಲ.

“ಮುದುಕಿ ಕಲ್ಲಾದಳು. ಮಜ್ಜಿಗೆ ಚೆಲ್ಲಿಹೋಯ್ತು.”

“ನಾನು ಅವಳಿಗೇನೂ ಮಾಡಲಿಲ್ಲ!”

“ಮಾಡಬೇಕಾಗಿಲ್ಲ. ಬೇರೆ ರಾಕ್ಷಸರು ಬೇಕೆಂದಾಗ ಹೊಡೀತಾರೆ, ಬೇಡವೆಂದಾಗ ಬಿಡ್ತಾರೆ. ಕಲ್ಗಣ್ಣಿಗೆ ಆ ಸುಖ ಇಲ್ಲ. ಕಣ್ಣು ತೆರೆದಿದ್ದರೆ ಸಾಕು, ಎದುರಿಗೆ ಬಂದೋರು ಹೋದರು. ಬಯ್ಯೋಕೆ ಬಂದರೂ ಒಂದೇ, ಮಜ್ಜಿಗೆ ತಂದರೂ ಒಂದೇ.”

“ಹಾಗಾದರೆ ಕಣ್ಣು ಮುಚ್ಕೋತೀನಿ.”

“ಮುಚ್ಕೋಬಹುದು. ಮುಚ್ಚಿದ್ದರೆ ಯಾರಿಗೂ ಏನೂ ಆಗಲ್ಲ.”

“ಎಷ್ಟು ಹೊತ್ತು ಮುಚ್ಕೋಬೇಕು?”

“ಯಾರಾದರೂ ಹತ್ರ ಇರುವಷ್ಟು ಹೊತ್ತೂ.”



ಬುದ್ಧಿ ಮಡಿಲಿನಿಂದ ಒಂದು ಸಾಸಿವೆ ಕಾಳು ತೆಗೆದು, ಕರಿಯ ಹರಳಿನ ಮನೆಯೊಳಗೇ, ಹರಳಿಗೆ ತಾಗಿಸಿ ಇಟ್ಟರು.

“ಇದೇನು?” ಎಂದ ಶಿವಮಲ್ಲು.

“ಕಲ್ಗಣ್ಣಿ ಹೆತ್ತಿದ್ದಾಳೆ. ಹನ್ನೊಂದು ದಿನದ ಮಗು. ಏನು ಮಾಡ್ತೀಯ?”

ಶಿವಮಲ್ಲುವಿನ ಕೈ ಮೊಣಕಾಲ ಮೇಲೆ ಹಾಗೇ ನಿಂತಿತು.

“ಸರದಿ ನಿನ್ನದು, ಮಲ್ಲು.”

“ಕಣ್ಣು ಮುಚ್ಕೋತೀನಿ.”

“ಹಾಲು ಕೊಡುವಾಗ?”

“ಸೆರಗು ಎಳ್ಕೋತೀನಿ. ಗೋಡೆ ಕಡೆ ತಿರುಗ್ತೀನಿ.”

“ಮಗು ಹಿಡೀತಿಲ್ಲ. ಬಾಯಿಗೆ ಸರಿಯಾಗಿ ಸಿಕ್ತಿಲ್ಲ. ಕಣ್ಣು ಬಿಟ್ಟು ನೋಡಿದರೆ ಸರಿ ಮಾಡಬಹುದು.”

“ಬಿಡಲ್ಲ.”

“ಸತ್ತುಹೋಗುತ್ತೆ.”

“ಬಿಟ್ಟರೂ ಸತ್ತುಹೋಗುತ್ತಲ್ಲ, ಬುದ್ಧಿ!”

ಅವನ ದನಿ ಹೊಳೆಯ ಆಚೆಗೂ ಕೇಳಿಸುವಷ್ಟು ಎತ್ತರವಾಗಿತ್ತು. ನೀರಿನಂಚಿನಲ್ಲಿದ್ದ ಒಂದು ಕೊಕ್ಕರೆ ಎದ್ದು ಹಾರಿತು.

ಬುದ್ಧಿ ಮೆಲ್ಲಗೆ ಕೇಳಿದರು. “ಅವಳ ಕಣ್ಣು ಕೊಲ್ಲುತ್ತೆ ಅಂತ ಕಲ್ಗಣ್ಣಿಗೆ ಹೇಳಿದ್ದು ಯಾರು?”

“ನೀವೇ. ಆಟ ಹೇಳೋರು ನೀವು.”

“ಹೌದು. ಅವಳಾಗಿ ಕಂಡುಕೊಂಡಿದ್ದಲ್ಲ. ಕಥೆ ಹೇಳೋನು ಹೇಳಿದ, ಅವಳು ನಂಬಿದಳು.”

ಶಿವಮಲ್ಲು ಸಾಸಿವೆ ಕಾಳನ್ನು ಬೆರಳ ತುದಿಯಿಂದ ಮುಟ್ಟಿದ.

“ನಾನು ಹೇಳಿದೆ,” ಎಂದ ಶಿವಮಲ್ಲು.

ಬುದ್ಧಿ ಅವನ ಕಡೆ ತಿರುಗಿ ಕೂತರು.

“ಹಬ್ಬದ ದಿನ ಅಕ್ಕ ಮಗೂಗೆ ಹೊಸ ಲಂಗ ಹೊಲಿಸಿ ಹಾಕಿದ್ಲು. ಹಾಕಿ ನೋಡ್ತಾ ಕೂತ್ಲು. ಅಡುಗೆ ಬಿಟ್ಟು, ಎಲ್ಲ ಬಿಟ್ಟು ನೋಡ್ತಾನೇ ಕೂತ್ಲು. ‘ನನ್ನ ಮಗಳು ಎಷ್ಟು ಚೆಂದ ಕಾಣ್ತಾಳೆ ನೋಡೋ ಮಲ್ಲು’ ಅಂದ್ಲು. ಮಾರನೆ ದಿನ ಜ್ವರ ಬಂತು. ಭಾವ ಊರಲ್ಲಿರಲಿಲ್ಲ. ಅಕ್ಕ ಆಸ್ಪತ್ರೆಗೆ ಹೋಗೋಣ ಗಾಡಿ ಕಟ್ಟು ಅಂದ್ಲು. ನಾನು, ಇದು ಆಸ್ಪತ್ರೆ ಜ್ವರ ಅಲ್ಲ, ದೃಷ್ಟಿ ತಾಗಿದೆ ಅಂದೆ.”

“ಆಮೇಲೆ?”

“ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಬರಲಿಲ್ಲ. ಘಾಟು ಬರದಿದ್ದರೆ ದೊಡ್ಡ ದೃಷ್ಟಿ ಅಂತಾರಲ್ಲ.”

“ಮೆಣಸಿನಕಾಯಿ ಒದ್ದೆಯಾಗಿತ್ತೋ ಏನೋ.”

“ಮಳೆಗಾಲ, ಬುದ್ಧಿ. ಆಗ ಅದು ಹೊಳೀಲಿಲ್ಲ. ಎರಡು ದಿನ ನಿವಾಳಿಸಿದೆ. ಮೂರನೆ ದಿನ ಗಾಡಿ ಕಟ್ಟಿದೆ. ದಾರೀಲೇ… ವಾಪಸು ತಂದು ಮಲಗಿಸಿದಾಗ ಹಟ್ಟಿಯವರೆಲ್ಲ ಸೇರಿದ್ದರು. ಯಾಕೆ ಮೊದಲೇ ಕರ್ಕೊಂಡು ಹೋಗಲಿಲ್ಲ ಅಂತ ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಅಂದೆ. ‘ಆಸ್ಪತ್ರೆ ಏನು ಮಾಡುತ್ತೆ? ಹೆತ್ತೋಳ ಕಣ್ಣೇ ತಾಗಿರೋದು’ ಅಂತ.”

“ಅಕ್ಕನ ಎದುರಿಗೆ.”

“ಅಕ್ಕನ ತೊಡೆ ಮೇಲೆ ಮಗು ಇತ್ತು. ನೋಡ್ತಾ ಇದ್ಲು. ನಾನು ಹಾಗಂದ ಕೂಡಲೇ ಕಣ್ಣು ಮುಚ್ಚಿದಳು.”

ಬುದ್ಧಿ ಕೇಳಿದರು. “ಆಮೇಲೆ ಒಂದು ತಿಂಗಳು ನೀನು ತಲೆ ತಗ್ಗಿಸಿಕೊಂಡಿದ್ದೆ. ಯಾಕೆ?”

“ಅವಳ ನೋಟ ತಡೀಲಾರದೆ.”

“ಅವಳು ಆಚೆ ತಿರುಗ್ತಿದ್ಲು. ಅದು ಯಾಕೆ?”

ಶಿವಮಲ್ಲು ಬಾಯಿ ತೆರೆದ. ಮೊದಲು ಹೇಳಿದ ಉತ್ತರವೇ ನಾಲಗೆಯ ಮೇಲಿತ್ತು. ಅದು ಹೊರಗೆ ಬರಲಿಲ್ಲ.

“ನನಗೆ ತಾಗಬಾರದು ಅಂತ,” ಎಂದ.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬುದ್ಧಿ ಅವನ ಬೆನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಕವಡೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದರು.

ಅಳು ನಿಂತ ಮೇಲೆ ಶಿವಮಲ್ಲು ಕೇಳಿದ.

“ಮಗು ಸತ್ತದ್ದು ನನ್ನಿಂದಲಾ, ಬುದ್ಧಿ?”

“ಗೊತ್ತಿಲ್ಲ. ಮೊದಲ ದಿನವೇ ಹೋಗಿದ್ದರೆ ಬದುಕುತ್ತಿತ್ತೋ ಏನೋ. ಆಗಲೂ ಬದುಕದೆ ಇರಬಹುದಿತ್ತು. ನಿನಗೆ ಅದು ಎಂದೂ ಗೊತ್ತಾಗಲ್ಲ. ಗೊತ್ತಾಗದೇ ಇರೋದನ್ನ ನೀನು ಹೊತ್ಕೊಂಡೇ ಇರಬೇಕು. ನಾನು ಇಳಿಸ್ತೀನಿ ಅಂದರೆ ಸುಳ್ಳಾಗುತ್ತೆ.”

ಶಿವಮಲ್ಲು ತಲೆಯಾಡಿಸಿದ.

“ಆದರೆ ಅವಳು ಹೊತ್ತಿರೋದು ಬೇರೆ. ಅದರಲ್ಲಿ ಗೊತ್ತಾಗದ್ದು ಏನೂ ಇಲ್ಲ. ಅದು ಶುದ್ಧ ಸುಳ್ಳು. ಮಗೂಗೆ ಬಂದದ್ದು ಜ್ವರ.”

“ಅದನ್ನ ಯಾರು ಬೇಕಾದರೂ ಹೇಳಬಹುದಲ್ಲ. ನೀವು ಬಂದು ಹೇಳಿ. ನಿಮ್ಮ ಮಾತು ಅಂದರೆ ಅಕ್ಕ ನಂಬ್ತಾಳೆ.”

“ಹೇಳಿದೋನು ನಾನಾ?”

“ಅಲ್ಲ.”

“ಆಟದ ಕಟ್ಟಳೆ ಒಬ್ಬ ಹೇಳಿದರೆ, ನೋಡ್ತಾ ಕೂತೋರು ಎಷ್ಟು ಕೂಗಿದರೂ ಅದು ಬದಲಾಗಲ್ಲ. ಹೇಳಿದ ಬಾಯೇ ತಪ್ಪಿದೆ ಅನ್ನಬೇಕು.”

“ಅಂದರೆ ಸಾಕಾ?”

“ಸಾಲದು. ಮಾತು ಕೇಳಿ ಮುಚ್ಚಿದ ಕಣ್ಣು ಮಾತು ಕೇಳಿಯೇ ತೆರೆಯುತ್ತೆ ಅಂತ ಏನೂ ಇಲ್ಲ. ಅವಳು ಮೊದಲು ಯಾರನ್ನಾದರೂ ನೋಡಬೇಕು. ಚೆನ್ನಾಗಿ, ತುಂಬ ಹೊತ್ತು, ಹಬ್ಬದ ದಿನ ಮಗೂನ ನೋಡಿದ ಹಾಗೆ ನೋಡಬೇಕು. ನೋಡಿಸಿಕೊಂಡೋನು ಬೆಳಿಗ್ಗೆ ಎದ್ದು ಮುಖ ತೊಳ್ಕೊಂಡು ಅವಳ ಮುಂದೆ ಓಡಾಡಬೇಕು. ಆಮೇಲೆ ಅವಳು ಮಗು ಕಡೆ ತಿರುಗಬಹುದು.”

“ನೋಡಿಸಿಕೊಳ್ಳೋಕೆ ಯಾರು…” ಎಂದು ಶುರು ಮಾಡಿದ ಶಿವಮಲ್ಲು ಅಲ್ಲಿಗೇ ನಿಲ್ಲಿಸಿದ.

ಹೊಳೆಯ ಆಚೆಯಿಂದ ಹರಿಗೋಲು ಹೊರಟದ್ದು ಕಾಣಿಸಿತು. ತಿರುಗುತ್ತಾ ತಿರುಗುತ್ತಾ ಈಚೆ ಬರುತ್ತಿತ್ತು.

ಶಿವಮಲ್ಲು ಒಳಗೆ ಹೋಗಿ ಒಂದು ಪಂಚೆ, ಒಂದು ಅಂಗಿ ಗಂಟು ಕಟ್ಟಿಕೊಂಡು ಬಂದ. ಬುದ್ಧಿಯ ಕಾಲು ಮುಟ್ಟಿದ.

“ಏನು ಹೇಳಬೇಕು ಅಂತ ಹೇಳಿಕೊಡಿ.”

“ಹೊರಟಾಗ ಕೇಳೋ ಪ್ರಶ್ನೆಯಾ ಇದು? ಈಗ ತಾನೇ ನನಗೆ ಹೇಳಿದೆಯಲ್ಲ, ಲಂಗದಿಂದ ಹಿಡಿದು ಗಾಡಿವರೆಗೆ. ಅದನ್ನೇ ಹೇಳು. ಎರಡು ದಿನ ಅಂದದ್ದನ್ನ ಒಂದು ದಿನ ಮಾಡಬೇಡ.”

“ಹಟ್ಟಿಯವರು ಇದ್ದರೆ?”

“ಹಿಂದೆ ಹಟ್ಟಿಯವರ ಎದುರಿಗೇ ಅಂದೆ. ಈಗಲೂ ಅವರ ಎದುರಿಗೇ ಹೇಳು. ಇಲ್ಲದಿದ್ದರೆ ಹೋಗಿ ಕರ್ಕೊಂಡು ಬಾ.”

ಇಬ್ಬರೂ ದಂಡೆಗೆ ಇಳಿದರು. ಹರಿಗೋಲು ದಂಡೆಗೆ ತಾಗಿತು. ಶಿವಮಲ್ಲು ಒಂದು ಕಾಲು ಒಳಗಿಟ್ಟ. ಹರಿಗೋಲು ಅವನ ಭಾರಕ್ಕೆ ಅರ್ಧ ಸುತ್ತು ತಿರುಗಿತು. ಅವನು ಅದರ ಅಂಚು ಹಿಡಿದು, ಮುಖ ಈಚೆ ಮಾಡಿ ನಿಂತ. ಮಠಕ್ಕೆ ಬಂದ ಮೇಲೆ ಅವನು ಬುದ್ಧಿಯ ಕಣ್ಣನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ಎಲ್ಲ ಹೇಳಿದ ಮೇಲೆ ಅಕ್ಕ ಸೆರಗು ತೆಗೀತಾಳೆ ಅಂತಿಟ್ಕೊಳ್ಳಿ, ಬುದ್ಧಿ. ತೆಗೆದು ನನ್ನ ನೋಡ್ತಾಳೆ. ನನ್ನ ಕೈಲಿ ತಡೆಯೋಕಾಗಲ್ಲ. ಮಾತೂ ಬರಲ್ಲ, ಕಾಲೂ ಬರಲ್ಲ. ನಿಜವಾಗಲೂ ಕಲ್ಲಾಗಿ ನಿಂತುಬಿಟ್ಟರೆ?”

ಬುದ್ಧಿ ಹರಿಗೋಲನ್ನು ಕಾಲಿನಿಂದ ಮೆಲ್ಲಗೆ ನೀರಿಗೆ ನೂಕಿದರು.

“ನಿಂತರೆ ನಿಂತ್ಕೋ. ಬಾಣಂತಿ ಇರೋ ಮನೆ, ಖಾರ ಅರೆಯೋಕೆ ಒಂದು ಕಲ್ಲು ಬೇಕೇ ಬೇಕು.”